ಕುಂಡದ ಮಣ್ಣು ಒಣಗಲಿ, ಗುಂಗುರು ಹುಳ ತಾನಾಗಿ ಹೋಗುತ್ತೆ

ಬೆಂಗಳೂರಿನಲ್ಲಿ ಮಳೆ ಹಿಡಿಯಿತೆಂದರೆ ಮನೆಯೊಳಗಿನ ಕುಂಡಗಳಿಂದ ಸಣ್ಣ ಕರಿ ಹುಳ ಏಳುವುದಕ್ಕೆ ಶುರು. ಎಲೆ ಸರಿಸಿದರೆ ಸಾಕು, ನಾಲ್ಕೈದು ಹಾರುತ್ತವೆ. ಕಚ್ಚುವುದಿಲ್ಲ ನಿಜ, ಆದರೆ ಲ್ಯಾಪ್‌ಟಾಪ್ ಮುಂದೆ ಸುತ್ತುತ್ತವೆ, ಕಾಫಿ ಲೋಟಕ್ಕೆ ಬಿದ್ದು ಸಾಯುತ್ತವೆ, ಫೋನಿನಲ್ಲಿ ಮಾತಾಡುತ್ತಿದ್ದರೆ ನೇರ ಮೂಗಿಗೇ ಬರುತ್ತವೆ. ನರ್ಸರಿಯವರು ಫಂಗಸ್ ನ್ಯಾಟ್ ಅನ್ನುವುದು ಇದಕ್ಕೇ.

ಮೊದಲು ಇದು ಅದೇ ಹುಳನಾ ನೋಡಿಕೊಳ್ಳಿ. ಬಾಳೆಹಣ್ಣಿನ ಹತ್ತಿರ ಸುಳಿದಾಡುವ ಕೆಂಪು ಕಣ್ಣಿನದು ಹಣ್ಣಿನ ನೊಣ. ಬಚ್ಚಲ ಗೋಡೆಗೆ ಅಂಟಿ ಕೂರುವ ರೋಮದ ರೆಕ್ಕೆಯದು ಮೋರಿಯಿಂದ ಬಂದದ್ದು. ಬಟ್ಟಲಲ್ಲಿ ವಿನೆಗರ್ ಇಡಿ ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಹಣ್ಣಿನ ನೊಣಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಕುಂಡದ ಹುಳಕ್ಕೆ ಅಷ್ಟಕ್ಕಷ್ಟೇ.

ಅಸಲಿ ವಿಷಯ ಏನೆಂದರೆ, ನಮ್ಮ ತಲೆ ತಿನ್ನುವುದು ಹಾರುವ ಹುಳ, ಆದರೆ ಸಂಸಾರ ಎಲ್ಲ ಇರುವುದು ಮಣ್ಣಿನಲ್ಲಿ. ಹಾರುವುದು ಬದುಕುವುದೇ ಒಂದು ವಾರ, ಹತ್ತು ದಿನ. ಅಷ್ಟರೊಳಗೆ ಒಂದು ಹೆಣ್ಣು ಒದ್ದೆ ಮಣ್ಣಿನ ಮೇಲ್ಪದರದಲ್ಲಿ ನೂರರ ಆಸುಪಾಸು ಮೊಟ್ಟೆ ಇಟ್ಟಿರುತ್ತದೆ. ಮರಿಹುಳ ಸುಮಾರು ಎರಡು ವಾರ ಮೇಲಿನ ಎರಡು ಮೂರು ಅಂಗುಲದಲ್ಲೇ ಇದ್ದು, ಬೂಷ್ಟು, ಕೊಳೆತದ್ದು, ಸಿಕ್ಕಿದರೆ ಎಳೆ ಬೇರು ಎಲ್ಲ ಮೇಯುತ್ತದೆ. ಬಲಿತ ಮನಿಪ್ಲಾಂಟಿಗೆ ಇದರಿಂದ ಏನೂ ಆಗುವುದಿಲ್ಲ. ಟೊಮೆಟೊ, ಮೆಣಸಿನ ಸಸಿ ಎಬ್ಬಿಸುತ್ತಿದ್ದರೆ ಮಾತ್ರ ಹುಷಾರು, ಸಸಿ ಬುಡದಲ್ಲೇ ಕೊಳೆತು ಬೀಳಬಹುದು.

ಕುಂಡದಲ್ಲಿ ಮರಿ ಇದೆಯಾ ತಿಳಿಯಬೇಕೆಂದರೆ ಒಂದು ಬಿಲ್ಲೆ ಹಸಿ ಆಲೂಗಡ್ಡೆ ಕತ್ತರಿಸಿ ಮಣ್ಣಿಗೆ ಒತ್ತಿ ಇಡಿ. ಮೂರ್ನಾಲ್ಕು ದಿನ ಬಿಟ್ಟು ತಿರುಗಿಸಿ ನೋಡಿ. ಕೆಳಮೈಗೆ ಬಿಳಿ ದಾರದ ಚೂರಿಗೆ ಕರಿ ಶಾಯಿ ಚುಕ್ಕೆ ಇಟ್ಟ ಹಾಗೆ ಸಣ್ಣ ಹುಳಗಳು ಅಂಟಿರುತ್ತವೆ, ಮೈ ಎಷ್ಟು ತೆಳು ಎಂದರೆ ಹೊಟ್ಟೆಯಲ್ಲಿರುವ ಮಣ್ಣು ಕೂಡ ಕಾಣಿಸುತ್ತದೆ. ಅಸಹ್ಯ ಅನಿಸುತ್ತೆ, ಆದರೆ ಗೊತ್ತಾಗುತ್ತೆ ಅಲ್ವಾ! ಆ ಬಿಲ್ಲೆಯನ್ನು ಹುಳದ ಸಮೇತ ಕವರಿಗೆ ಹಾಕಿ ಕಟ್ಟಿ ಬಿಸಾಕಿ.

ಮದ್ದು ಒಂದೇ, ನೀರು ಕಡಿಮೆ ಮಾಡುವುದು. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ನೀರು. ಈಗಿನ ನರ್ಸರಿ ಗಿಡಗಳು ಎಷ್ಟೋ ಕೋಕೋಪೀಟಿನಲ್ಲೇ, ಅಂದರೆ ತೆಂಗಿನ ನಾರಿನ ಪುಡಿಯಲ್ಲೇ ಬರುತ್ತವೆ, ಅದು ಮೇಲೆ ಒಣಗಿದಂತೆ ಕಂಡರೂ ಒಳಗೆ ಒದ್ದೆ ಇರುತ್ತದೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಕುಂಡವನ್ನು ನೀರು ತುಂಬಿದ ಟಬ್ಬಿನಲ್ಲಿ ಅರ್ಧ ಗಂಟೆ ಇಟ್ಟು ಬುಡದಿಂದ ಕುಡಿಸಿದರೆ ಮೇಲ್ಪದರ ಬೇಗ ಒಣಗುತ್ತದೆ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ.

ಇನ್ನೊಂದು, ಇದನ್ನು ಹೇಳಿದರೆ ಮನೆ ಹಿರಿಯರಿಗೆ ಕೋಪ ಬರುತ್ತೆ. ಅಕ್ಕಿ ತೊಳೆದ ನೀರು, ಫಿಲ್ಟರಿನ ಕಾಫಿ ಚರಟ, ಸೋಸಿದ ಟೀ ಪುಡಿ, ಎಲ್ಲವನ್ನೂ ಕುಂಡಕ್ಕೆ ಹಾಕುವ ಅಭ್ಯಾಸ ಇದೆಯಲ್ಲ, ಮನೆಯೊಳಗಿನ ಗಿಡಕ್ಕೆ ಅದು ಬೇಡ. ಮೇಲೆ ಉಳಿದು ಬೂಷ್ಟು ಹಿಡಿಯುತ್ತದೆ, ಹುಳಕ್ಕೆ ಅದೇ ಹಬ್ಬದೂಟ. "ಅನ್ನದ ನೀರು ಚೆಲ್ತಾರೇನೇ?" ಅಂತ ನಮ್ಮಮ್ಮ ಈಗಲೂ ಕೇಳುತ್ತಾರೆ. ಚೆಲ್ಲಬೇಕಿಲ್ಲಮ್ಮ, ಅಂಗಳದ ದಾಸವಾಳಕ್ಕೆ ಹಾಕಿ.

ಹಾರುವ ಹುಳಕ್ಕೆ ಹಳದಿ ಅಂಟು ಕಾರ್ಡು ಸಾಕು. ಹೊಲದಲ್ಲಿ ರೈತರು ಹಳದಿ ಹಾಳೆಗೆ ಹರಳೆಣ್ಣೆ ಬಳಿದು ನೆಡುತ್ತಾರೆ, ಅದನ್ನೇ ಮನೆಯಲ್ಲೂ ಮಾಡಬಹುದು. ಮಣ್ಣಿಗೆ ಹತ್ತಿರ ಇಡಬೇಕು, ಎತ್ತರದಲ್ಲಿ ನೇತುಹಾಕಿದರೆ ಅಲಂಕಾರ ಅಷ್ಟೇ. ಮೇಲೆ ಅರ್ಧ ಅಂಗುಲ ದಪ್ಪ ಮರಳು ಹಾಕಿದರೂ ಮೊಟ್ಟೆ ಇಡುವುದು ಕಷ್ಟವಾಗುತ್ತದೆ. ಎಂ ಸ್ಯಾಂಡ್ ಆದರೆ ತೊಳೆದು ದೂಳು ತೆಗೆಯಿರಿ, ಇಲ್ಲದಿದ್ದರೆ ಗಾರೆ ಹಾಕಿದ ಹಾಗೆ ಗಟ್ಟಿಯಾಗುತ್ತದೆ.

ಬೇವಿನೆಣ್ಣೆ ಹಾಕುವವರು ಲೀಟರ್ ನೀರಿಗೆ 5 ಮಿ.ಲೀ. ಎಣ್ಣೆ, ಬೆರೆಯಲು ಎರಡು ಹನಿ ಸೋಪಿನ ದ್ರಾವಣ ಸೇರಿಸಿ ಮಣ್ಣಿಗೆ ಹಾಕಿ. ಆವತ್ತಿನ ನೀರಿನ ಬದಲಿಗೆ ಹಾಕಬೇಕು, ನೀರಿನ ಜೊತೆಗಲ್ಲ. ದಾಲ್ಚಿನ್ನಿ ಪುಡಿ, ಅರಿಶಿನ ಉದುರಿಸುವುದೆಲ್ಲ ನನ್ನ ಪ್ರಕಾರ ಸುಮ್ನೆ ಖರ್ಚು. ಪೀಸ್ ಲಿಲಿ, ಜರಿಗಿಡದಂಥವು ಒಣಗಲು ಬಿಟ್ಟರೆ ಬಾಡುತ್ತವೆ, ಅವಕ್ಕೆ ಬಿಟಿಐ (ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರಾಯೆಲೆನ್ಸಿಸ್) ಒಳ್ಳೆಯದು. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಅದು, ಸೊಳ್ಳೆ ಮರಿ ಕೊಲ್ಲಲು ಬಳಸುತ್ತಾರೆ, ಈ ಹುಳದ ಮರಿಗೂ ಆಗುತ್ತದೆ. ಗೊಬ್ಬರದಂಗಡಿಯಲ್ಲಿ ಬರೀ ಬಿಟಿ ಅಂದರೆ ಕಾಯಿಕೊರಕದ ಬಿಟಿ ಕೊಡುತ್ತಾರೆ, ಅದು ಬೇರೆ ಜಾತಿ, ಇದಕ್ಕೆ ಹತ್ತುವುದಿಲ್ಲ. ಡಬ್ಬದ ಮೇಲೆ ಇಸ್ರಾಯೆಲೆನ್ಸಿಸ್ ಅಂತ ಇರಬೇಕು.

ಮೊದಲ ವಾರ ಏನೂ ಕಡಿಮೆಯಾದಂತೆ ಕಾಣುವುದಿಲ್ಲ, ಮಣ್ಣಿನಲ್ಲಿ ಇದ್ದವು ಮೇಲೆ ಬರುತ್ತಲೇ ಇರುತ್ತವೆ. ಮೂರು ನಾಲ್ಕು ವಾರ ಬಿಡದೆ ಮಾಡಿ. ಹೊಸ ಗಿಡ ತಂದರೆ ಅಷ್ಟು ದಿನ ಬಾಲ್ಕನಿಯಲ್ಲೇ ಇಡಿ, ಪಕ್ಕದಲ್ಲೊಂದು ಹಳದಿ ಕಾರ್ಡು. ಅದಕ್ಕೆ ಏನೂ ಅಂಟದಿದ್ದರೆ ಆಮೇಲೆ ಒಳಗೆ ತನ್ನಿ.