ಒಂದು ನಗರದ ಸ್ಪ್ಯಾನಿಷ್ ಭಾಷಿಕರ ವಯಸ್ಸು: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಅಮೆರಿಕದ ನಗರಗಳಲ್ಲಿ ಸ್ಪ್ಯಾನಿಷ್ ಮಾತಾಡುವವರು ಹೆಚ್ಚಾಗಿ ಚಿಕ್ಕವರೋ, ವಯಸ್ಸಾದವರೋ?" ಭಾಷೆಯ ಅಂಕಿಅಂಶಗಳ ಜೊತೆ ಕೆಲಸ ಮಾಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಉತ್ತರ ನಗರದಿಂದ ನಗರಕ್ಕೆ ಬದಲಾಗುತ್ತದೆ. ಕೇಳುವವರಿಗೆ ನಿಜವಾಗಿ ಬೇಕಾಗಿರುವುದು ಬಹಳ ಸಲ ಇನ್ನೊಂದು: ಭಾಷೆ ಮಕ್ಕಳಿಗೆ ದಾಟುತ್ತಿದೆಯೇ? ಈ ಎರಡಕ್ಕೂ ಲೆಕ್ಕ ಬೇರೆ ಬೇರೆ. ಗೊಂದಲ ಶುರುವಾಗುವುದೇ ಅಲ್ಲಿ.

ಮಾಹಿತಿಯ ಮೂಲ ಅಮೆರಿಕನ್ ಕಮ್ಯುನಿಟಿ ಸರ್ವೆ. ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳನ್ನು ಆರಿಸಿ ಅಲ್ಲಿಯ ಸೆನ್ಸಸ್ ಬ್ಯೂರೋ ನಡೆಸುವ ಸಮೀಕ್ಷೆ ಇದು. ಮನೆಯಲ್ಲಿ ಇಂಗ್ಲಿಷ್ ಅಲ್ಲದ ಭಾಷೆ ಮಾತಾಡುತ್ತಾರೆಯೇ, ಅದು ಯಾವುದು, ಇಂಗ್ಲಿಷ್ ಎಷ್ಟು ಚೆನ್ನಾಗಿ ಬರುತ್ತದೆ ಎಂಬ ಮೂರು ಪ್ರಶ್ನೆಗಳನ್ನು 5 ವರ್ಷ ತುಂಬಿದ ಪ್ರತಿಯೊಬ್ಬರ ಬಗ್ಗೆ ಕೇಳುತ್ತಾರೆ. ಸ್ಪ್ಯಾನಿಷ್ ಎಷ್ಟು ಚೆನ್ನಾಗಿ ಬರುತ್ತದೆ ಎಂದು ಯಾರನ್ನೂ ಕೇಳುವುದಿಲ್ಲ. ಅಜ್ಜಿಯ ಸ್ಪ್ಯಾನಿಷ್ ಪೂರ್ತಿ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ "ಇಂಗ್ಲಿಷ್ ಮಾತ್ರ" ಸಾಲಿಗೆ ಹೋಗುತ್ತಾಳೆ.

ಈ ಸಮೀಕ್ಷೆಯ ಕೋಷ್ಟಕಗಳಲ್ಲಿ ತೆರೆಯಬೇಕಾದದ್ದು ಬಿ16007 (B16007). ಅದರಲ್ಲಿ ಮೂರು ವಯೋಗುಂಪುಗಳಿವೆ: 5–17, 18–64, 65 ಮತ್ತು ಮೇಲ್ಪಟ್ಟವರು. ಸ್ಪ್ಯಾನಿಷ್ ಇರುವುದು 4, 10 ಮತ್ತು 16ನೇ ಸಾಲುಗಳಲ್ಲಿ. ಆಯಾ ಗುಂಪಿನ ಒಟ್ಟು ಜನ 2, 8 ಮತ್ತು 14ರಲ್ಲಿ. ಸ್ಪ್ಯಾನಿಷ್ ಭಾಷಿಕರಲ್ಲಿ ಹಿರಿಯರ ಪಾಲು ಬೇಕಾದರೆ 16ನೇ ಸಾಲನ್ನು ಮೂರೂ ಸ್ಪ್ಯಾನಿಷ್ ಸಾಲುಗಳ ಮೊತ್ತದಿಂದ ಭಾಗಿಸಿ. ನಗರದ ಹಿರಿಯರಲ್ಲಿ ಸ್ಪ್ಯಾನಿಷ್ ಮಾತಾಡುವವರ ಪಾಲು ಬೇಕಾದರೆ ಅದೇ 16ನ್ನು 14ರಿಂದ ಭಾಗಿಸಿ. ಮೊದಲನೆಯದು ಆಸ್ಪತ್ರೆಗೆ ದುಭಾಷಿಗಳನ್ನು, ಶಾಲೆಗೆ ಶಿಕ್ಷಕರನ್ನು ಯೋಜಿಸುವವರಿಗೆ. ಭಾಷೆ ದಾಟುತ್ತಿದೆಯೇ ಎಂಬುದರ ಸುಳಿವು ಎರಡನೆಯದರಲ್ಲಿ, ಅದೂ ಮೂರು ಗುಂಪುಗಳಿಗೂ ಲೆಕ್ಕ ಹಾಕಿ ಪಕ್ಕಪಕ್ಕ ಇಟ್ಟಾಗ.

ಪ್ರತಿ ಸಂಖ್ಯೆಯ ಪಕ್ಕದಲ್ಲಿರುವ ದೋಷದ ಅಂಚನ್ನು, ಅಂದರೆ ಮಾದರಿಯಿಂದ ಬಂದ ಅಂದಾಜು ಎಷ್ಟು ಆಚೀಚೆ ಆಗಿರಬಹುದು ಎಂಬ ± ಸಂಖ್ಯೆಯನ್ನು, ಬಿಡಬೇಡಿ. ಒಂದು ಕಾಲ್ಪನಿಕ ನಗರ ತೆಗೆದುಕೊಳ್ಳಿ: ಸ್ಪ್ಯಾನಿಷ್ ಸಾಲುಗಳು ಕ್ರಮವಾಗಿ 8,000 (±900), 40,000 (±1,800), 12,000 (±800). ಮೊತ್ತ 60,000. ಅಂಚುಗಳನ್ನು ನೇರವಾಗಿ ಕೂಡಬಾರದು. ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಸುಮಾರು 2,166. ಹಿರಿಯರ ಪಾಲು 20%. ಅದರ ಅಂಚಿಗೆ 800ರ ವರ್ಗದಿಂದ, 0.2 ಮತ್ತು 2,166ರ ಗುಣಲಬ್ಧದ ವರ್ಗವನ್ನು ಕಳೆದು, ವರ್ಗಮೂಲ ತೆಗೆದು, 60,000ದಿಂದ ಭಾಗಿಸಿ: ಸುಮಾರು 1.1 ಶೇಕಡಾಂಶ. ಇದು 90% ವಿಶ್ವಾಸ ಮಟ್ಟದ ಅಂಚು. ಹಾಗಾಗಿ ಇಂಥ ನಗರದಲ್ಲಿ ಮುಂದಿನ ವರ್ಷ 20.6% ಬಂದರೆ "ಹಿರಿಯರು ಹೆಚ್ಚಾದರು" ಎಂದು ಬರೆಯುವಂತಿಲ್ಲ. 65,000ಕ್ಕಿಂತ ಕಡಿಮೆ ಜನರಿರುವ ಊರಿಗಾದರೆ ಐದು ವರ್ಷದ ಅಂದಾಜೇ ಗತಿ. ಅದರಲ್ಲಿ 2015–19ನ್ನು 2016–20ರ ಜೊತೆ ಹೋಲಿಸಿ ಉಪಯೋಗವಿಲ್ಲ, ನಾಲ್ಕು ವರ್ಷಗಳ ಮಾಹಿತಿ ಎರಡರಲ್ಲೂ ಒಂದೇ.

ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪೆಂದರೆ ಹಿಸ್ಪ್ಯಾನಿಕ್ ಜನಸಂಖ್ಯೆಯ ವಯಸ್ಸನ್ನೇ ಸ್ಪ್ಯಾನಿಷ್ ಭಾಷಿಕರ ವಯಸ್ಸೆಂದು ಕೊಡುವುದು. ಹಿಸ್ಪ್ಯಾನಿಕ್ ಎಂಬುದು ಸ್ಪ್ಯಾನಿಷ್ ಆಡುವ ದೇಶಗಳ ಮೂಲದವರೆಂಬ ಗುರುತು, ಆಡುವ ಭಾಷೆಯದಲ್ಲ. ಅದರಲ್ಲಿ ಐದು ವರ್ಷದೊಳಗಿನ ಮಕ್ಕಳೂ ಇದ್ದಾರೆ, ಸ್ಪ್ಯಾನಿಷ್ ಬಾರದ ಮೂರನೇ ತಲೆಮಾರಿನವರೂ ಇದ್ದಾರೆ.

ಈ ವ್ಯತ್ಯಾಸ ಕಣ್ಣಿಗೆ ಹೊಡೆಯುವುದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ. 2020ರ ಜನಗಣತಿಯಂತೆ 14 ಲಕ್ಷಕ್ಕೂ ಹೆಚ್ಚು ಜನರ ಈ ನಗರದಲ್ಲಿ ಹಿಸ್ಪ್ಯಾನಿಕ್ ಮೂಲದವರೇ ಬಹುಸಂಖ್ಯಾತರು. ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವವರು ಅದಕ್ಕಿಂತ ಬಹಳ ಕಡಿಮೆ, ವಯಸ್ಸು ಇಳಿದಂತೆ ಇನ್ನೂ ಕಡಿಮೆ. ಟೆಕ್ಸಸ್ 1918ರಲ್ಲಿ ಶಾಲೆಗಳಲ್ಲಿ ಇಂಗ್ಲಿಷ್ ಮಾತ್ರ ಎಂಬ ಕಾನೂನು ತಂದಿತು. ಅದು ತೆರವಾದದ್ದು 1969ರಲ್ಲಿ. ಆಟದ ಮೈದಾನದಲ್ಲಿ ಸ್ಪ್ಯಾನಿಷ್ ಆಡಿದ್ದಕ್ಕೆ ಶಿಕ್ಷೆ ತಿಂದ ಮಕ್ಕಳು ಮುಂದೆ ತಂದೆತಾಯಿಗಳಾದಾಗ ತಮ್ಮ ಮಕ್ಕಳೊಂದಿಗೆ ಇಂಗ್ಲಿಷನ್ನೇ ಆಡಿದರು. ಇಂದಿನ 65 ಮೀರಿದ ಗುಂಪಿನಲ್ಲಿ ಆ ಮಕ್ಕಳಿದ್ದಾರೆ. ಕೋಷ್ಟಕದಲ್ಲಿ ಕಾಣುವ ಇಳಿಜಾರಿನ ಹಿಂದೆ ಅವರು ಪಟ್ಟ ಪಾಡಿದೆ.

ಫ್ಲಾರಿಡಾದ ಮಯಾಮಿಯಲ್ಲೂ ಹಿರಿಯರ ಸಾಲು ದಪ್ಪವಾಗಿದೆ, ಕಾರಣ ಮಾತ್ರ ಬೇರೆ. ಕ್ಯೂಬಾದಿಂದ 1965ರಿಂದ 1973ರವರೆಗೆ ನಡೆದ ವಿಮಾನಯಾನಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಬಂದರು, 1980ರಲ್ಲಿ ಮಾರಿಯೆಲ್ ಬಂದರಿನಿಂದ ದೋಣಿಗಳಲ್ಲಿ ಸುಮಾರು 1,25,000. ಅವರಲ್ಲಿ ಬಹಳಷ್ಟು ಜನ ಇಲ್ಲೇ ನೆಲೆಸಿದರು. 1980ರಲ್ಲಿ 25ರ ಹರೆಯದವರಿಗೆ 2025ರಲ್ಲಿ 70. ಅವರ ಹಿಂದೆ ನಿಕರಾಗುವಾ, ಕೊಲಂಬಿಯಾ, ವೆನೆಜುವೆಲಾಗಳಿಂದ ದುಡಿಯುವ ವಯಸ್ಸಿನವರು ಬರುತ್ತಲೇ ಇದ್ದುದರಿಂದ ನಡುವಿನ ಗುಂಪೂ ತುಂಬಿದೆ. ಇಲ್ಲಿ ಗಡಿಯನ್ನೂ ನೋಡಿಕೊಳ್ಳಿ: ಹತ್ತಿರದ ಹಯಾಲಿಯಾ ಬೇರೆ ನಗರ, ಮಯಾಮಿ-ಡೇಡ್ ಎಂಬುದು ಇವೆರಡೂ ಇರುವ ಇಡೀ ಕೌಂಟಿ (ನಮ್ಮ ಜಿಲ್ಲೆಯಂಥದ್ದು).

ಹಿರಿಯರ ಸಾಲು ದಪ್ಪವಾದದ್ದು ವಲಸೆಯಿಂದಲೋ ಭಾಷೆ ಕೈಬಿಟ್ಟಿದ್ದರಿಂದಲೋ ತಿಳಿಯಲು ಮೂರು ಗುಂಪು ಸಾಲವು. ಆಗ ಸಮೀಕ್ಷೆಯ ಸೂಕ್ಷ್ಮ ಕಡತಕ್ಕೆ (PUMS) ಇಳಿಯಬೇಕು. ಅಲ್ಲಿ ಒಬ್ಬೊಬ್ಬರ ವಯಸ್ಸು, ಮನೆಭಾಷೆ, ಹುಟ್ಟಿದ ದೇಶ, ಅಮೆರಿಕಕ್ಕೆ ಬಂದ ವರ್ಷ ಎಲ್ಲವೂ ಇವೆ, ಹೆಸರುಗಳಿಲ್ಲ. 2016ರಿಂದ ಸ್ಪ್ಯಾನಿಷ್‌ನ ಸಂಕೇತ 1200. ಆ ಸಂಕೇತದವರನ್ನು ಆರಿಸಿ, ತಲೆ ಎಣಿಸದೆ ಅವರ ತೂಕಗಳನ್ನು (ಮಾದರಿಯ ಒಬ್ಬೊಬ್ಬರು ಎಷ್ಟು ಜನರನ್ನು ಪ್ರತಿನಿಧಿಸುತ್ತಾರೆ ಎಂಬ ಸಂಖ್ಯೆ) ಕೂಡಿ, ಐದೈದು ವರ್ಷದ ಗುಂಪು ಮಾಡಿ, ಅಮೆರಿಕದಲ್ಲಿ ಹುಟ್ಟಿದವರು ಮತ್ತು ಹೊರಗೆ ಹುಟ್ಟಿದವರು ಎಂದು ಬೇರ್ಪಡಿಸಿ. ದೋಷದ ಲೆಕ್ಕಕ್ಕೆ 80 ಬದಲಿ ತೂಕಗಳಿವೆ, ಅದೇ ಅಂದಾಜನ್ನು 80 ಸಲ ಮತ್ತೆ ಮಾಡಿ ನೋಡಲು: ಪ್ರತಿಯೊಂದರ ಅಂದಾಜು ಮೂಲ ಅಂದಾಜಿನಿಂದ ಎಷ್ಟು ದೂರವೋ ಅದರ ವರ್ಗಗಳ ಮೊತ್ತವನ್ನು 20ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಪ್ರಮಾಣ ದೋಷ (ಅಂದಾಜಿನ ಏರುಪೇರಿನ ಅಳತೆ) ಸಿಗುತ್ತದೆ. ತೊಡಕು ಎಂದರೆ ಈ ಕಡತದ ಪ್ರದೇಶಗಳು ಕನಿಷ್ಠ ಒಂದು ಲಕ್ಷ ಜನರವು; ನಗರದ ಗಡಿಗೆ ಅವು ಸರಿಯಾಗಿ ಕೂರುವುದಿಲ್ಲ. 2022ರಿಂದ ಅವುಗಳ ಗೆರೆಗಳೂ ಬದಲಾಗಿವೆ.

ಕನ್ನಡಕ್ಕೂ ಹೀಗೆ ಲೆಕ್ಕ ಹಾಕಬಹುದೇ ಎಂದರೆ, ಬಿ16007ರಿಂದ ಆಗದು. ಅಲ್ಲಿ ಸ್ಪ್ಯಾನಿಷ್‌ಗೆ ಮಾತ್ರ ಸ್ವಂತ ಸಾಲು. ಕನ್ನಡ "ಏಷ್ಯಾ ಮತ್ತು ಪೆಸಿಫಿಕ್ ದ್ವೀಪಗಳ ಭಾಷೆಗಳು" ಎಂಬ ಸಾಲಿನೊಳಗೆ ಸೇರಿಹೋಗಿದೆ. ಇನ್ನೂ ವಿವರವಾದ ಬಿ16001ರಲ್ಲೂ ಅದು ಮಲಯಾಳಂ ಮತ್ತಿತರ ದ್ರಾವಿಡ ಭಾಷೆಗಳ ಜೊತೆಗೇ ಇದೆ, ಅಲ್ಲಿ ವಯಸ್ಸಿನ ವಿಭಜನೆಯೂ ಇಲ್ಲ. ಕನ್ನಡ ಪ್ರತ್ಯೇಕವಾಗಿ ಸಿಗುವುದು ಸೂಕ್ಷ್ಮ ಕಡತದಲ್ಲಿ. ಒಂದು ನಗರದ ಮಟ್ಟಕ್ಕೆ ಮಾದರಿ ತೀರಾ ಚಿಕ್ಕದಾಗುತ್ತದೆ. ಐದು ವರ್ಷದ ಕಡತ ತೆಗೆದುಕೊಂಡು ಇಡೀ ರಾಜ್ಯಕ್ಕೆ ಲೆಕ್ಕ ಹಾಕಿ.