ಶುಂಠಿ ಕೊಳೆಯ ಮಾದರಿ ಪಿಸಿಆರ್‌ಗೆ ಹೋಗುವ ಮುನ್ನ

ಆಲೂರು, ಸಕಲೇಶಪುರ, ಅರಕಲಗೂಡು ಕಡೆ ಮಳೆ ಹಿಡಿಯಿತೆಂದರೆ ಶುಂಠಿ ಮಡಿಗಳಲ್ಲಿ ಅಲ್ಲಲ್ಲಿ ಹಳದಿ ಕಾಣಿಸಿಕೊಳ್ಳುತ್ತದೆ. ಊರಲ್ಲಿ ಎಲ್ಲಕ್ಕೂ ಒಂದೇ ಹೆಸರು, ಕೊಳೆ. ಆದರೆ ಪಿಥಿಯಂ ಎಂಬ ಶಿಲೀಂಧ್ರದಂಥ ಜೀವಿ ತರುವ ಮೆದು ಕೊಳೆಯೇ ಬೇರೆ, ರಾಲ್‌ಸ್ಟೋನಿಯಾ ದುಂಡಾಣು ತರುವ ಹಸಿ ಸೊರಗೇ ಬೇರೆ. ಮೊದಲನೆಯದಕ್ಕೆ ಮೆಟಲಾಕ್ಸಿಲ್ ಎಂಬ ಶಿಲೀಂಧ್ರನಾಶಕ ಉಂಟು. ಎರಡನೆಯದಕ್ಕೆ ಅದನ್ನು ಡ್ರಮ್ಮುಗಟ್ಟಲೆ ಸುರಿದರೂ ದುಡ್ಡು ಹೋಗುತ್ತದೆ, ರೋಗ ಹೋಗುವುದಿಲ್ಲ.

ದುಂಡಾಣು ಇದೆಯೇ ಎಂದು ಖಚಿತಪಡಿಸುವುದು ಪಿಸಿಆರ್, ಅಂದರೆ ಅದರ ಡಿಎನ್‌ಎಯ ಒಂದು ಚೂರನ್ನು ಲಕ್ಷಗಟ್ಟಲೆ ನಕಲು ಮಾಡಿ ಗುರುತಿಸುವ ಪ್ರಯೋಗಾಲಯದ ಪರೀಕ್ಷೆ. ಆದರೆ ಮೊದಲ ಪರೀಕ್ಷೆ ಗದ್ದೆ ಬದುವಿನಲ್ಲೇ ಆಗಲಿ. ಎಲೆ ಸುರುಳಿಗಟ್ಟಿ ಬಾಡತೊಡಗಿದ, ಇನ್ನೂ ಕೊಳೆಯದ ಗಿಡ ಆರಿಸಿ. ಕಾಂಡದ ಬುಡದಿಂದ ಮೂರ್ನಾಲ್ಕು ಸೆಂ.ಮೀ. ತುಂಡು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ತುದಿ ತಾಗುವಂತೆ ಅಲುಗಾಡಿಸದೆ ಹಿಡಿಯಿರಿ. ದುಂಡಾಣುವಿದ್ದರೆ ಕೆಲವೇ ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಸಣ್ಣ ಎಳೆಗಳು ಕೆಳಗಿಳಿಯುತ್ತವೆ. ಪೂರ್ತಿ ಕೊಳೆತು ನಾರುವ ಗಡ್ಡೆ ತರಬೇಡಿ. ಅದರಲ್ಲಿ ಆಮೇಲೆ ಸೇರಿಕೊಂಡ ಬೇರೆ ದುಂಡಾಣುಗಳೇ ತುಂಬಿರುತ್ತವೆ. ಮಾದರಿಯನ್ನು ಕಾಗದದಲ್ಲಿ ಸುತ್ತಿ ತಣ್ಣಗೆ ತನ್ನಿ; ಬಿಸಿಲಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಬೆವೆತರೆ ಮುಗಿಯಿತು. ಒಂದು ಗಿಡ ಕತ್ತರಿಸಿದ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸದೆ ಇನ್ನೊಂದಕ್ಕೆ ಹಾಕಬೇಡಿ.

ಪ್ರಯೋಗಾಲಯದಲ್ಲಿ ಆ ಹಾಲು ನೀರನ್ನೇ 95 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ, ಸೆಂಟ್ರಿಫ್ಯೂಜ್ ಮಾಡಿ (ವೇಗವಾಗಿ ತಿರುಗಿಸಿ ಗಸಿ ತಳಕ್ಕಿಳಿಸಿ), ಮೇಲಿನ ತಿಳಿಯಲ್ಲಿ 1 ಮೈಕ್ರೋಲೀಟರನ್ನು 25 ಮೈಕ್ರೋಲೀಟರ್ ಮಿಶ್ರಣಕ್ಕೆ ಹಾಕಿದರೆ ಸಾಕಾಗುತ್ತದೆ. ಪ್ರೈಮರ್, ಅಂದರೆ ನಕಲು ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಡಿಎನ್‌ಎ ಚೂರುಗಳ ಜೋಡಿ 759 ಮತ್ತು 760. ಪ್ರೈಮರ್ ಅಂಟುವ ತಾಪ 59 ಡಿಗ್ರಿ, 30 ಸುತ್ತು. ಡಿಎನ್‌ಎ ತುಣುಕುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಶೇ. 2ರ ಅಗರೋಸ್ ಜೆಲ್‌ನಲ್ಲಿ ಸುಮಾರು 280 ಬೇಸ್ ಜೋಡಿಯ ಹತ್ತಿರ ಪಟ್ಟಿ ಮೂಡಬೇಕು. ಆದರೆ ಈ ಪ್ರೈಮರ್‌ಗಳು ರಾಲ್‌ಸ್ಟೋನಿಯಾ ಸೊಲನೇಸಿಯಾರಂ ಗುಂಪನ್ನೇ ಹಿಡಿಯುತ್ತವೆ. ಶುಂಠಿಯದೋ ಆಲೂಗಡ್ಡೆಯದೋ ಎಂದು ಹೇಳುವುದಿಲ್ಲ. ಆ ಗುಂಪಿನೊಳಗಿನ ಯಾವ ವಂಶಗುಂಪು (ಫೈಲೋಟೈಪ್) ಎಂದು ತಿಳಿಯಲು ಹಲವು ಪ್ರೈಮರ್ ಒಟ್ಟಿಗೆ ಹಾಕುವ ಮಲ್ಟಿಪ್ಲೆಕ್ಸ್ ಪಿಸಿಆರ್ ಬೇಕು. ಫೈಲೋಟೈಪ್ 1 ಆದರೆ 144 ಬೇಸ್ ಜೋಡಿಯ ಪಟ್ಟಿಯೂ ಜೊತೆಗೆ ಬರುತ್ತದೆ.

ಲೋಟದಲ್ಲಿ ಎಳೆ ಇಳಿದಿದೆ, ಜೆಲ್‌ನಲ್ಲಿ ಪಟ್ಟಿ ಇಲ್ಲ ಎಂದಾದರೆ ರೋಗವಿಲ್ಲ ಎಂದು ಬರೆದುಕೊಡಬೇಡಿ. ಶುಂಠಿಯ ಫೀನಾಲ್, ಪಾಲಿಸ್ಯಾಕರೈಡ್‌ಗಳು ಡಿಎನ್‌ಎ ನಕಲು ಮಾಡುವ ಟ್ಯಾಕ್ ಕಿಣ್ವವನ್ನು ಕಟ್ಟಿಹಾಕುತ್ತವೆ. ಅದೇ ತಿಳಿಯನ್ನು 10 ಪಟ್ಟು, 100 ಪಟ್ಟು ತೆಳು ಮಾಡಿ ಮತ್ತೆ ಓಡಿಸಿ. ಎಷ್ಟೋ ಸಲ ತೆಳು ಮಾಡಿದ್ದರಲ್ಲೇ ಪಟ್ಟಿ ಎದ್ದು ಬರುತ್ತದೆ. ಗಡ್ಡೆಯಿಂದ ಡಿಎನ್‌ಎ ತೆಗೆಯುವುದಾದರೆ ಸಿಟಿಎಬಿ ಎಂಬ ಡಿಎನ್‌ಎ ಬೇರ್ಪಡಿಸುವ ದ್ರಾವಣಕ್ಕೆ, ಫೀನಾಲ್ ಹಿಡಿದಿಡುವ ಪಿವಿಪಿಯನ್ನು ಶೇ. 2ರಷ್ಟು ಸೇರಿಸಿ. ಗಿಡದ್ದೇ ಒಂದು ಜೀನನ್ನು ಪಕ್ಕದಲ್ಲಿ ಓಡಿಸಿದರೆ ಪ್ರತಿಕ್ರಿಯೆ ನಡೆಯಿತೋ ಇಲ್ಲವೋ ತಿಳಿಯುತ್ತದೆ. ಬರೀ ನೀರು ಹಾಕಿದ ಸಾಲಿನಲ್ಲೂ ಪಟ್ಟಿ ಬಂದರೆ ಆ ದಿನದ ಜೆಲ್ ಇಡೀ ರದ್ದು.

ನಿಜವಾದ ಕಷ್ಟ ಬಿತ್ತನೆ ಗಡ್ಡೆಯದು. ನೋಡಲು ಚೆನ್ನಾಗಿರುತ್ತದೆ, ಒಳಗೆ ದುಂಡಾಣು ಕಡಿಮೆ ಸಂಖ್ಯೆಯಲ್ಲಿ ಕೂತಿರುತ್ತದೆ; ನೇರ ಪಿಸಿಆರ್‌ಗೆ ಸಿಗದೇ ಹೋಗಬಹುದು. ಗಡ್ಡೆಯ ನಾಳದ ಭಾಗವನ್ನು ಜಜ್ಜಿ, ಈ ದುಂಡಾಣುವನ್ನೇ ಹೆಚ್ಚಾಗಿ ಬೆಳೆಯಬಿಡುವ ಎಸ್‌ಎಂಎಸ್‌ಎ ದ್ರವ ಮಾಧ್ಯಮದಲ್ಲಿ 28 ಡಿಗ್ರಿಯಲ್ಲಿ 48 ಗಂಟೆ ಬೆಳೆಸಿ, ಆಮೇಲೆ ಪಿಸಿಆರ್ ಮಾಡಿ. ಸತ್ತ ದುಂಡಾಣುವಿನ ಡಿಎನ್‌ಎಯೂ ಪಟ್ಟಿ ಕೊಡುವುದರಿಂದ, ಬೆಳೆಸುವ ಮೊದಲು ಒಂದು ಭಾಗ ತೆಗೆದಿಟ್ಟು ಎರಡನ್ನೂ ಹೋಲಿಸಬೇಕು. ಬೆಳೆಸಿದ್ದರಲ್ಲಿ ಪಟ್ಟಿ ದಪ್ಪಗಾದರೆ ದುಂಡಾಣು ಜೀವಂತವಿದೆ. ಆ ರಾಶಿಯ ಗಡ್ಡೆ ಬಿತ್ತನೆಗೆ ಬೇಡ.