80 ನಿಮಿಷದ ಸಿ.ಡಿ.ಯಲ್ಲಿ ಎರಡೂವರೆ ಗಂಟೆಯ ಕಛೇರಿ

ರೇಡಿಯೋದಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡ ಹಳೆಯ ಸಂಗೀತ ಕಛೇರಿಗಳನ್ನು ಸಿ.ಡಿ.ಗೆ ವರ್ಗಾಯಿಸುವವರಿಗೆ ಮೊದಲು ಎದುರಾಗುವ ತೊಡಕು ಸಮಯದ್ದು. ಎರಡೂವರೆ ಗಂಟೆಯ ಕಛೇರಿ 80 ನಿಮಿಷದ ಡಿಸ್ಕಿನಲ್ಲಿ ಹಿಡಿಯುವುದಿಲ್ಲ. ಎರಡು ಡಿಸ್ಕುಗಳಾಗಿ ಒಡೆದರೆ ಸಾಲದೇ ಎಂದು ಕೇಳಬಹುದು. ಆದರೆ ಕಾಲಕ್ರಮದಲ್ಲಿ ಜೋಡಿಯ ಒಂದು ಡಿಸ್ಕು ಕಳೆದುಹೋಗಿ, ಪಲ್ಲವಿಯೂ ತನಿ ಆವರ್ತನವೂ (ತಾಳವಾದ್ಯಗಳು ಮಾತ್ರ ನುಡಿಯುವ ಭಾಗ) ಇದ್ದ ಉತ್ತರಾರ್ಧವೇ ಇಲ್ಲವಾದ ಸಂಗ್ರಹಗಳನ್ನು ನಾನು ನೋಡಿದ್ದೇನೆ. ಆದ್ದರಿಂದ ಒಂದು ಕಛೇರಿ ಒಂದೇ ಡಿಸ್ಕಿನಲ್ಲಿರಬೇಕು, ಅದೂ ಮನೆಯ ಹಿರಿಯರ ಬಳಿ ಇರುವ ಹಳೆಯ ಪ್ಲೇಯರಿನಲ್ಲಿ ನುಡಿಯಬೇಕು ಎಂಬುದು ನನ್ನ ಅಪೇಕ್ಷೆ.

ಆಡಿಯೋ ಸಿ.ಡಿ.ಯ ಅಳತೆ ಮೆಗಾಬೈಟ್ ಅಲ್ಲ, ನಿಮಿಷ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು 1980ರಲ್ಲಿ ನಿಗದಿಪಡಿಸಿದ ಕ್ರಮದಂತೆ, ಪ್ರತಿ ಸೆಕೆಂಡಿಗೆ 44,100 ಮಾದರಿಗಳು (ಧ್ವನಿಯ ಕ್ಷಣಕ್ಷಣದ ಅಳತೆಗಳು), ಪ್ರತಿ ಮಾದರಿಗೆ 16 ಬಿಟ್, ಎಡ ಮತ್ತು ಬಲ ಎಂಬ ಎರಡು ಚಾನೆಲ್. ಒಟ್ಟು ಸೆಕೆಂಡಿಗೆ 1,76,400 ಬೈಟ್. ಹಾಡು ಎಷ್ಟೇ ಸರಳವಾಗಿರಲಿ, ಬರಿಯ ಮೌನವೇ ಇರಲಿ, ಈ ಲೆಕ್ಕ ಬದಲಾಗುವುದಿಲ್ಲ. ಎಂಪಿ3 ಕಡತಗಳು ಚಿಕ್ಕವಾಗಿರುವುದರಿಂದ ಆಡಿಯೋ ಸಿ.ಡಿ.ಯಲ್ಲಿ ಹೆಚ್ಚು ಹಾಡು ಹಿಡಿಸುತ್ತವೆ ಎಂದು ಹಲವರು ನಂಬಿದ್ದಾರೆ. ಆದರೆ ಆಡಿಯೋ ಸಿ.ಡಿ. ಬರೆಯುವಾಗ ತಂತ್ರಾಂಶವು ಅವುಗಳನ್ನು ಬಿಡಿಸಿ ಮತ್ತೆ ಪೂರ್ಣಗಾತ್ರದ ಧ್ವನಿಯನ್ನಾಗಿಯೇ ಬರೆಯುತ್ತದೆ. ಆದ್ದರಿಂದ ಒಂದು ನಿಮಿಷದ ಲಾಭವೂ ಇಲ್ಲ, ಎಂಪಿ3 ಮಾಡುವಾಗ ಕಳೆದುಹೋದ ಗುಣಮಟ್ಟವೂ ಹಿಂತಿರುಗುವುದಿಲ್ಲ.

80 ನಿಮಿಷ ಎಂಬ ಮಿತಿ ಬಂದಿರುವುದು ಡಿಸ್ಕಿನ ಮೈಮೇಲೆ ಕಾರ್ಖಾನೆಯಲ್ಲಿಯೇ ಅಚ್ಚಾಗಿರುವ ಸುರುಳಿ ಗೀರಿನಿಂದ. ಗೀರಿನ ಸುತ್ತುಗಳ ನಡುವಣ ಅಂತರ 1.6 ಮೈಕ್ರಾನ್ ಆಗಿದ್ದಾಗ 74 ನಿಮಿಷ ಹಿಡಿಯುತ್ತಿತ್ತು. ನಿಯಮ ಅನುಮತಿಸುವ ಕೊನೆಯ ಅಂಚಾದ 1.5 ಮೈಕ್ರಾನಿನವರೆಗೆ ಸುತ್ತುಗಳನ್ನು ಒತ್ತಾಗಿಸಿ 80 ನಿಮಿಷ ಪಡೆದರು. 90 ಮತ್ತು 99 ನಿಮಿಷದ ಡಿಸ್ಕುಗಳೂ ಮಾರುಕಟ್ಟೆಗೆ ಬಂದವು. ಅವುಗಳ ಸುತ್ತುಗಳು ನಿಯಮವನ್ನು ಮೀರಿ ಒತ್ತೊತ್ತಾಗಿರುವುದರಿಂದ ಹಳೆಯ ಪ್ಲೇಯರುಗಳು ಗೀರಿನ ಜಾಡು ತಪ್ಪುತ್ತವೆ. ಬರೆಯುವ ಡ್ರೈವ್‌ಗಳಲ್ಲಿಯೂ ಎಲ್ಲವೂ ಅವನ್ನು ಒಪ್ಪುವುದಿಲ್ಲ. ಸಾಧಾರಣ ಡಿಸ್ಕಿನಲ್ಲಿಯೇ ನಮೂದಿತ ಅವಧಿಯನ್ನು ದಾಟಿ ಬರೆಯುವ ಓವರ್‌ಬರ್ನ್ ವಿಧಾನದಿಂದ ಒಂದೆರಡು ನಿಮಿಷ ಸಿಗಬಹುದು. ಮಂಗಳ ಹಾಡುವ ಹೊತ್ತಿಗೆ ಅರ್ಧ ನಿಮಿಷ ಸಾಲದೆ ಹೋದಾಗ ಅದು ಒದಗುತ್ತದೆ, ಆದರೆ ಹೊರ ಅಂಚಿನಲ್ಲಿ ಬರೆದದ್ದನ್ನು ನಾನು ಪೂರ್ಣವಾಗಿ ನಂಬುವುದಿಲ್ಲ.

ವೇಗ ಹೆಚ್ಚಿಸಿ ಸಮಯ ಉಳಿಸುವ ಸಲಹೆಯನ್ನಂತೂ ಸಂಗೀತ ಬಲ್ಲವರು ಒಪ್ಪಲಾರರು. 84 ನಿಮಿಷವನ್ನು 80ಕ್ಕೆ ಇಳಿಸಲು ವೇಗವನ್ನು ಶೇ. 5ರಷ್ಟು ಏರಿಸಿದರೆ ಶ್ರುತಿಯು ಹಾರ್ಮೋನಿಯಂನ ಪಕ್ಕದ ಮನೆಗೆ, ಅಂದರೆ ಪಕ್ಕದ ಕೀಗೆ, ಹೆಚ್ಚುಕಡಿಮೆ ಸರಿದಷ್ಟೇ ಆಗುತ್ತದೆ, ಗಾಯಕರ ಕಂಠವೇ ಬೇರೆಯಾಗಿ ಕೇಳಿಸುತ್ತದೆ. ಶ್ರುತಿಯನ್ನು ಉಳಿಸಿಕೊಂಡು ಕಾಲವನ್ನು ಮಾತ್ರ ಕುಗ್ಗಿಸುವ ತಂತ್ರಾಂಶಗಳಿದ್ದರೂ ಅವು ಹಾಡಿನ ಕಾಲಪ್ರಮಾಣವನ್ನು ಕೆಡಿಸುತ್ತವೆ. ಹಾಗೆಯೇ ಕೃತಿಗಳ ನಡುವೆ ಕೇಳಿಬರುವ ತಂಬೂರಿಯ ನಾದವನ್ನು ಖಾಲಿ ಜಾಗವೆಂದು ಕತ್ತರಿಸುವುದೂ ಸಲ್ಲದು. ನಿರೂಪಕರ ದೀರ್ಘ ಪ್ರಕಟಣೆ, ಕ್ಯಾಸೆಟ್ ಮಗುಚುವಾಗಿನ ಶೂನ್ಯ, ಇವುಗಳನ್ನು ತೆಗೆಯಬಹುದು.

ನಮಗೆ ನಿಜವಾಗಿ ಒದಗಿಬರುವ ಉಪಾಯ ಬೇರೆಯೇ ಇದೆ. ಈ ಹಳೆಯ ಧ್ವನಿಮುದ್ರಣಗಳು ಬಹುತೇಕ ಮೋನೋ, ಅಂದರೆ ಒಂದೇ ಚಾನೆಲ್ಲಿನವು. ಆಡಿಯೋ ಸಿ.ಡಿ.ಗೆ ಮೋನೋ ಎಂಬ ಪ್ರತ್ಯೇಕ ರೂಪ ಇಲ್ಲದಿರುವುದರಿಂದ ಅದೇ ಧ್ವನಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಬರೆಯಲ್ಪಟ್ಟು ಅರ್ಧ ಡಿಸ್ಕು ನಕಲಿನಿಂದಲೇ ತುಂಬುತ್ತದೆ. ಕಛೇರಿಯ ಪೂರ್ವಾರ್ಧವನ್ನು ಎಡ ಚಾನೆಲ್ಲಿಗೂ ಉತ್ತರಾರ್ಧವನ್ನು ಬಲ ಚಾನೆಲ್ಲಿಗೂ ಕೊಟ್ಟರೆ 160 ನಿಮಿಷ ದೊರೆಯುತ್ತದೆ. ಆಡಾಸಿಟಿಯಂತಹ ಉಚಿತ ತಂತ್ರಾಂಶದಲ್ಲಿ ಎರಡು ಮೋನೋ ಟ್ರ್ಯಾಕುಗಳನ್ನು ಒಂದು ಸ್ಟೀರಿಯೋ ಟ್ರ್ಯಾಕಾಗಿ ಜೋಡಿಸಿ, ಪೂರ್ಣಗಾತ್ರದ ವೇವ್ ಕಡತವಾಗಿ ಉಳಿಸಿಕೊಂಡರೆ ಸಾಕು. ಪ್ಲೇಯರಿಗೆ ಇದು ಸಾಮಾನ್ಯ ಸ್ಟೀರಿಯೋ ಡಿಸ್ಕೇ ಆಗಿರುವುದರಿಂದ ಮನೆಯಲ್ಲಿ ಬರೆದ ಸಿ.ಡಿ.ಯನ್ನು ಓದಬಲ್ಲ ಯಾವ ಹಳೆಯ ಯಂತ್ರವೂ ನಿರಾಕರಿಸುವುದಿಲ್ಲ. ಕೇಳುವವರು ಬ್ಯಾಲೆನ್ಸ್ ಗುಂಡಿಯನ್ನು ಒಂದು ಬದಿಗೆ ಪೂರ್ತಿ ತಿರುಗಿಸಬೇಕು, ಆಗ ಒಂದೇ ಸ್ಪೀಕರ್ ನುಡಿಯುತ್ತದೆ. ಮೋನೋ ಗುಂಡಿಯಿರುವ ಆಂಪ್ಲಿಫೈಯರಿನಲ್ಲಿ ಅದನ್ನು ಒತ್ತಬಾರದು, ಒತ್ತಿದರೆ ಎರಡು ಅರ್ಧಗಳೂ ಕಲಸಿಹೋಗುತ್ತವೆ. ಅಗ್ಗದ ಯಂತ್ರಗಳಲ್ಲಿ ಒಂದು ಚಾನೆಲ್ಲಿನ ಧ್ವನಿ ಇನ್ನೊಂದರೊಳಕ್ಕೆ ತೆಳುವಾಗಿ ಸೋರುವುದುಂಟು. ಆಲಾಪನೆಯ ಮೆಲುದನಿಯ ಹಿಂದೆ ಮೃದಂಗ ಕೇಳಿಸಿದರೆ ಕಾರಣ ಅದೇ.

ಟ್ರ್ಯಾಕ್ ಗುರುತುಗಳು, ಅಂದರೆ ಪ್ಲೇಯರು ನೇರವಾಗಿ ಹಾರಬಲ್ಲ ಜಾಗಗಳು, ಎರಡೂ ಚಾನೆಲ್ಲಿಗೆ ಒಂದೇ ಆಗಿರುವುದರಿಂದ ಎಡಭಾಗದ ಕೃತಿ ಆರಂಭವಾಗುವಲ್ಲಿ ಬಲಭಾಗದಲ್ಲಿ ತನಿ ಆವರ್ತನ ನಡೆದಿರಬಹುದು. ಆದ್ದರಿಂದ ಐದೈದು ನಿಮಿಷಕ್ಕೆ ಒಂದು ಗುರುತು ಹಾಕುವುದೇ ಅನುಕೂಲ. ಬರೆಯುವಾಗ ಇಡೀ ಡಿಸ್ಕನ್ನು ಒಂದೇ ಓಟದಲ್ಲಿ ಬರೆಯುವ ‘ಡಿಸ್ಕ್ ಅಟ್ ಒನ್ಸ್’ ಕ್ರಮವನ್ನೇ ಆರಿಸಿಕೊಂಡು ಟ್ರ್ಯಾಕುಗಳ ನಡುವಣ ಬಿಡುವನ್ನು ಸೊನ್ನೆಯಾಗಿಸಬೇಕು, ಇಲ್ಲದಿದ್ದರೆ ಪ್ರತಿ ಗುರುತಿನಲ್ಲಿ ಎರಡು ಸೆಕೆಂಡಿನ ಮೌನ ನುಸುಳಿ ರಾಗ ತುಂಡಾಗುತ್ತದೆ. ಧ್ವನಿಯನ್ನು ಟ್ರ್ಯಾಕುಗಳಾಗಿ ಕತ್ತರಿಸುವ ಜಾಗವೂ ಸೆಕೆಂಡಿನ 75ನೇ ಒಂದು ಭಾಗದ, ಅಂದರೆ 588 ಮಾದರಿಗಳ ಗಡಿಯಲ್ಲಿಯೇ ಇರಬೇಕು. ತಪ್ಪಿದರೆ ಉಳಿದ ಜಾಗಕ್ಕೆ ತಂತ್ರಾಂಶ ಸೊನ್ನೆ ತುಂಬಿ ‘ಟಕ್’ ಎಂಬ ಸದ್ದು ಹುಟ್ಟುತ್ತದೆ.

ಪ್ಲೇಯರು ಎಂಪಿ3 ಓದಬಲ್ಲದ್ದಾದರೆ ಇಷ್ಟು ಶ್ರಮ ಬೇಕಿಲ್ಲ. 700 ಎಂ.ಬಿ. ಡೇಟಾ ಡಿಸ್ಕಿನಲ್ಲಿ ಸೆಕೆಂಡಿಗೆ 96 ಕಿಲೋಬಿಟ್ ದರದ (96 ಕೆ.ಬಿ.ಪಿ.ಎಸ್.) ಮೋನೋ ಎಂಪಿ3 ಕಡತಗಳು ಸುಮಾರು 17 ಗಂಟೆ ಹಿಡಿಯುತ್ತವೆ. ಇದಕ್ಕಿಂತ ಬಹಳ ಕೆಳಗಿಳಿದರೆ ಮೃದಂಗದ ಚಾಪು ಎಂಬ ಪೆಟ್ಟು ತನ್ನ ಮೊನಚು ಕಳೆದುಕೊಳ್ಳುತ್ತದೆ ಎಂಬುದು ನನ್ನ ಕಿವಿಯ ಅನುಭವ.

ಯಾವ ದಾರಿ ಹಿಡಿದರೂ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಮೂಲ ವೇವ್ ಕಡತವನ್ನು ಹಾಗೆಯೇ ಬೇರೊಂದು ಕಡೆ ಕಾದಿರಿಸಿ. ಚಾನೆಲ್ ಒಡೆದು ಬರೆದ ಡಿಸ್ಕಾದರೆ ಯಾವ ಬದಿಯಲ್ಲಿ ಯಾವ ಅರ್ಧವಿದೆ ಎಂಬುದನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.